ವಿಮಾನದಲ್ಲಿ ಸಾಗುವ ಅಪಾಯಕರ ದ್ರವಗಳೂ ಗಾಳಿಯ ಒತ್ತಡವೂ

ಹಳ್ಳಿಗಳಲ್ಲಿ ಬೆಳೆದ ಮತ್ತು ತಯಾರಾದ ಪದಾರ್ಥಗಳಲ್ಲಿ ಕೆಲವು ಈಗ ರೈಲು ಲಾರಿಗಳಲ್ಲಿ ಮಾತ್ರವಲ್ಲದೆ ವಿಮಾನದಲ್ಲಿಯೂ ದೂರದೇಶಗಳಿಗೆ ಹೋಗುತ್ತಿರುವುದು ಭೂಮಾಲೀಕರಿಗೆಲ್ಲ ತಿಳಿದ ವಿಷಯವೇ ಆಗಿದೆ. ಹೂವನ್ನಾಗಲಿ ಹಣ್ಣನ್ನಾಗಲಿ ಸರಿಯಾಗಿ ಕಟ್ಟದೆ ಕಳುಹಿಸಿದರೆ ಮಾಲು ಕೆಟ್ಟು ಅದರ ಒಡೆಯನಿಗೆ ಮಾತ್ರ ನಷ್ಟವುಂಟಾಗುವುದು. ನೀಲಗಿರಿ ಎಣ್ಣೆ, ಕ್ರಿಮಿನಾಶಕಗಳ ಮಾದರಿ, ಆಮ್ಲ, ರೋಗ ತಗಲಿದ ದನದ ರಕ್ತ ಮೊದಲಾದ ದ್ರವಗಳ ಸಂಗತಿ ಹಾಗಲ್ಲ. ಇವು ದಾರಿಯಲ್ಲಿ ಸೋರಿದರೆ ಬೆಂಕಿ, ವಿಷ, ಅಂಟುರೋಗ ಇವುಗಳಲ್ಲಿ ಯಾವುದಾದರೊಂದಕ್ಕೆ ಅವಕಾಶವಾಗುವುದು. ಅದೂ ನೆಲದಿಂದ ಹತ್ತು ಸಾವಿರ ಮೀಟರು ಎತ್ತರದಲ್ಲಿ, ಬಂಡಿಯನ್ನು ನಿಲ್ಲಿಸಿ ಇಳಿದು ನೋಡುವ ಅನುಕೂಲವಿಲ್ಲದ ಕಡೆ.

ಇದು ಬರಿಯ ಶಂಕೆಯಲ್ಲವೆಂಬುದಕ್ಕೆ ಒಂದು ನಿದರ್ಶನವು ಸಾಕು. 1973ನೆಯ ಇಸವಿ ನವೆಂಬರ್ 3ನೆಯ ತಾರೀಖು ಪ್ಯಾನ್ ಅಮೆರಿಕನ್ ಕಂಪೆನಿಯ ಸರಕಿನ ವಿಮಾನವೊಂದು ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ಕಿಗೆ ಹೊರಟಿತು. ಅದರಲ್ಲಿದ್ದ ಸರಕಿನಲ್ಲಿ ನೈಟ್ರಿಕ್ ಆಮ್ಲವೂ ಸೇರಿದ್ದಿತು. ಆಮ್ಲದ ಸೀಸೆಗಳು ಒಡೆಯದಿರಲೆಂದು ಮರದ ಪೆಟ್ಟಿಗೆಗಳಲ್ಲಿ ಸುತ್ತಲೂ ಮರದ ಹೊಟ್ಟನ್ನು ತುಂಬಿದ್ದರು. ದಾರಿಯಲ್ಲಿ ವಿಮಾನದೊಳಗೆ ಹೊಗೆ ತುಂಬಿ, ನಡೆಸುವವರಿಗೆ ಕಣ್ಣು ಕಾಣದಂತಾಗಿ, ಬಾಸ್ಟನ್ ನಗರದ ನಿಲ್ದಾಣದಲ್ಲಿ ಇಳಿಯಲೆತ್ನಿಸುವಾಗ್ಗೆ ವಿಮಾನವು ನೆಲಕ್ಕೆ ಬಿದ್ದು ಅದರಲ್ಲಿದ್ದ ಮೂವರೂ ಮೃತರಾದರು. ಹೊಗೆಯ ಮೂಲವು ನಿಸ್ಸಂದೇಹವಾಗಿ ಸ್ಥಾಪಿತವಾಗದಿದ್ದರೂ, ಸೋರಿದ ಆಮ್ಲವು ಹೊಟ್ಟಿನೊಡನೆ ಸೇರಿ ತಾನೇ ತಾನಾಗಿ ಕಾದುದೇ ಈ ಅನರ್ಥಕ್ಕೆ ಮೊದಲೆಂದು ವಿಚಾರಣೆ ನಡೆಸಿದ ಅಮೆರಿಕಾ ಸರ್ಕಾರದ ಮಂಡಲಿಯು ಅಭಿಪ್ರಾಯಪಟ್ಟಿತು. ಸೀಸೆಯನ್ನು ಕಾಪಾಡಲೆಂದು ಹಾಕಿದ ಹೊಟ್ಟೇ ಬೆಂಕಿಗೆ ಮೇವಾದುದು ಗಮನಿಸತಕ್ಕ ವಿಷಯ.

ನೆಲದ ಮೇಲೆ ಒಂದು ತೊಟ್ಟೂ ಸೋರದ ಸೀಸೆಯು ಆಕಾಶದಲ್ಲಿ ಏತಕ್ಕೆ ಸೋರಬೇಕೆಂದು ಕೇಳುವವರುಂಟು. ಮಂಗಳೂರಿನ ಕಡೆಯಿಂದ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಹತ್ತಿ ಬಂದವರಿಗೆ ಇದರ ಉತ್ತರವು ಅನುಭವದಿಂದಲೇ ತಿಳಿದಿದೆ. ಘಾಟಿ ಹತ್ತುವಾಗ ಕಿವಿ ಕಟ್ಟುವುದು. ಕೆಳಗೆ ಕೊಂಡ ತಿಂಡಿಯ ಪೊಟ್ಟಣವು ಮೇಲೆ ಬಂದಾಗ ಉಬ್ಬಿರುವುದು. ಪೊಟ್ಟಣದೊಳಗಿನ ಗಾಳಿಯು ಹೆಚ್ಚಿದುದಲ್ಲ. ಹೊರಗೆ ಅದನ್ನು ಅದುಮಿ ಹಿಡಿದಿದ್ದ ಗಾಳಿಯ ಒತ್ತಡವು ಕಡಮೆಯಾದುದು. ಸಮುದ್ರಮಟ್ಟದಲ್ಲಿ ಈ ಒತ್ತಡವು ಸುಮಾರು 101 ಕಿಲೋಪಾಸ್ಕಲ್, ಎಂದರೆ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಸುಮಾರು 920 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು 91ಕ್ಕೆ ಇಳಿಯುವುದು. ಸಾಮಾನ್ಯ ಪ್ರಯಾಣದ ವಿಮಾನಗಳಲ್ಲಿ ಯಂತ್ರದಿಂದ ಗಾಳಿಯನ್ನು ತುಂಬಿ ಒಳಗಿನ ಒತ್ತಡವು 75ಕ್ಕಿಂತ ಬಹಳವಾಗಿ ಇಳಿಯದಂತೆ ನೋಡಿಕೊಳ್ಳುವರು. ಎಂದರೆ ಉದಕಮಂಡಲಕ್ಕಿಂತ ಸ್ವಲ್ಪ ಎತ್ತರದಲ್ಲಿ ನಿಂತಂತೆ ಆಗುವುದು.

ಆದಕಾರಣ ಸಮುದ್ರತೀರದಲ್ಲಿ ಮುಚ್ಚಿದ ಸೀಸೆಯ ಒಳಗೂ ಹೊರಗೂ ಅಂಥ ವಿಮಾನದಲ್ಲಿ ಸುಮಾರು 25 ಕಿಲೋಪಾಸ್ಕಲ್ ವ್ಯತ್ಯಾಸವುಂಟಾಗುವುದು. ಗಾಳಿ ತುಂಬದ ಅಥವಾ ಅರ್ಧಂಬರ್ಧ ತುಂಬಿದ ಸರಕಿನ ಕೋಣೆಗಳಲ್ಲಿ ಇದು 75ರವರೆಗೂ ಏರಬಹುದು. ಈ ಅಂಕಿಗಳು ಕಾಗದದ ಮೇಲೆ ಅಲ್ಪವಾಗಿ ಕಂಡರೂ ಮುಚ್ಚಳಕ್ಕೆ ಅಲ್ಪವಲ್ಲ. ಮೂರೂವರೆ ಸೆಂಟಿಮೀಟರು ಅಗಲದ ಬಾಯುಳ್ಳ ಸೀಸೆಯನ್ನು ತೆಗೆದುಕೊಂಡರೆ, 25 ಕಿಲೋಪಾಸ್ಕಲ್ ವ್ಯತ್ಯಾಸದಲ್ಲಿ ಮುಚ್ಚಳವನ್ನು ಒಳಗಿನಿಂದ ಎರಡೂವರೆ ಕಿಲೋಗ್ರಾಮಿನಷ್ಟು ಭಾರವು ನೂಕುವುದು; 95 ಕಿಲೋಪಾಸ್ಕಲ್ ಆದರೆ ಒಂಬತ್ತು ಕಿಲೋಗ್ರಾಮಿಗೂ ಹೆಚ್ಚು. ಇದರ ಮೇಲೆ ಯಂತ್ರದ ಅದುರಾಟವು ಗಂಟೆಗಟ್ಟಲೆ ನಡೆದು ತಿರುಪುಮುಚ್ಚಳವನ್ನು ತುಸುತುಸುವೇ ಸಡಲಿಸುವುದು.

ಈ ಕಾರಣಗಳಿಂದ, 1944ರ ಷಿಕಾಗೋ ಒಡಂಬಡಿಕೆಯ ಮೇರೆಗೆ ಏರ್ಪಟ್ಟಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಒಂದು ನಿಯಮವನ್ನು ಮಾಡಿದೆ. ಅಪಾಯಕರ ದ್ರವವನ್ನು ಹಿಡಿದಿರುವ ಪಾತ್ರೆಯು 95 ಕಿಲೋಪಾಸ್ಕಲಿಗೆ ಕಡಮೆಯಿಲ್ಲದ ಒತ್ತಡದ ವ್ಯತ್ಯಾಸವನ್ನು ಸೋರದೆ ತಡೆಯತಕ್ಕದ್ದು. ಬೇಗ ಉರಿಯುವ ದ್ರವಗಳಲ್ಲಿಯೂ ವಿಷದ್ರವಗಳಲ್ಲಿಯೂ ಅಪಾಯವು ಅತ್ಯಲ್ಪವೆಂದು ಮೂರನೆಯ ಗುಂಪಿಗೆ ಸೇರಿಸಿರುವವುಗಳಿಗೆ 75 ಸಾಕು. ನೀಲಗಿರಿ ಎಣ್ಣೆಯು ಸಾಮಾನ್ಯವಾಗಿ ಈ ಗುಂಪಿನದು. ಭಾರತ ಸರ್ಕಾರವೂ 2003ರಲ್ಲಿ ಅಪಾಯಕರ ಸರಕುಗಳ ವಿಮಾನ ಸಾಗಣೆಗಾಗಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು.

ಬೇಗನೆ ಆವಿಯಾಗುವ ದ್ರವಗಳಿಗೆ ಈ 95 ಕೂಡ ಸಾಲದು. ದ್ರವದ ಸ್ವಂತ ಆವಿಯೂ ಒಳಗಿನಿಂದ ಒತ್ತುವುದರಿಂದ, 50 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಆ ಆವಿಯ ಒತ್ತಡವೆಷ್ಟೆಂದು ತಿಳಿದು, ಅದನ್ನು ಒಂದೂಮುಕ್ಕಾಲರಿಂದ ಗುಣಿಸಿ, ನೂರನ್ನು ಕಳೆಯುವುದು ಲೆಕ್ಕ ಹಾಕುವ ಕ್ರಮಗಳಲ್ಲೊಂದು. ಬಂದ ಮೊತ್ತವು 95ಕ್ಕಿಂತ ಹೆಚ್ಚಾದರೆ ಪಾತ್ರೆಯು ಅದನ್ನೇ ತಡೆಯಬೇಕು. ಪ್ರಯೋಗಶಾಲೆಗಳಲ್ಲಿ ಬಳಸುವ ಈಥರಿನ ಆವಿಯೊತ್ತಡವು 50 ಡಿಗ್ರಿಯಲ್ಲಿ ಸುಮಾರು 170 ಇರುವುದರಿಂದ ಅದರ ಪಾತ್ರೆಗೆ ಹೆಚ್ಚುಕಡಮೆ 200 ಕಿಲೋಪಾಸ್ಕಲ್ ತಾಳುವ ಶಕ್ತಿ ಬೇಕಾಗುವುದು. ಮದ್ಯಸಾರಕ್ಕೆ ಹಾಗೆ ಲೆಕ್ಕ ಹಾಕಿದರೆ ಏನೂ ಉಳಿಯದು. ಅದಕ್ಕೆ ಮೊದಲು ಹೇಳಿದ ಸಾಮಾನ್ಯ ಮಿತಿಯೇ ಅನ್ವಯಿಸುವುದು.

ಮುಚ್ಚಳದಷ್ಟೇ ಮುಖ್ಯವಾದುದು ತುಂಬುವ ಅಳತೆ. ಎಣ್ಣೆಯನ್ನು ಕಂಠಪೂರ್ತಿ ತುಂಬಿದರೆ ಕೊಳ್ಳುವವನಿಗೆ ಸಂತೋಷವಾಗುವುದೆಂಬುದು ಅಂಗಡಿಯ ನ್ಯಾಯ. ವಿಮಾನಕ್ಕೆ ಅದು ಸಲ್ಲದು. 20 ಡಿಗ್ರಿಯಲ್ಲಿ ಒಂದು ಲೀಟರಿದ್ದ ಮದ್ಯಸಾರವು 55 ಡಿಗ್ರಿಗೆ ಏರಿದರೆ 35ರಿಂದ 40 ಮಿಲಿಲೀಟರಿನಷ್ಟು ಹಿಗ್ಗುವುದು. ಹಿಗ್ಗಿದ ದ್ರವಕ್ಕೆ ಒಳಗೆ ಸ್ಥಳವಿಲ್ಲದಿದ್ದರೆ ಯಾವ ಮುಚ್ಚಳವೂ ನಿಲ್ಲದು. ಆದುದರಿಂದಲೇ 55 ಡಿಗ್ರಿಯಲ್ಲಿಯೂ ಪಾತ್ರೆಯು ಪೂರ್ತಿ ತುಂಬಿರಕೂಡದೆಂದು ವಿಧಿಸಲಾಗಿದೆ. ಮುಚ್ಚಳವನ್ನು ತಿರುಗಿಸಿ ಬಿಗಿದರೆ ಸಾಲದು. ಅದು ಸಡಲದಂತೆ ಮೇಲೆ ಅಂಟುಪಟ್ಟಿಯನ್ನೋ ತಂತಿಯನ್ನೋ ಬೇರೆ ಹಾಕಬೇಕು. ಸೀಸೆಯ ಬಾಯಿ ಮೇಲ್ಮುಖವಾಗಿರಬೇಕು, ಪೆಟ್ಟಿಗೆಯ ಎದುರುಬದುರು ಎರಡು ಪಕ್ಕಗಳಲ್ಲಿ ಮೇಲ್ಮುಖದ ಬಾಣದ ಗುರುತಿರಬೇಕು. ಸೋರಿದುದನ್ನು ಹೀರಲು ಹಾಕುವ ಪದಾರ್ಥವು ಒಳಗಿನ ದ್ರವದೊಡನೆ ಸೇರಿ ಕೆರಳತಕ್ಕದ್ದಾಗಿರಕೂಡದು. ಬಾಸ್ಟನ್ನಿನ ಸಂಗತಿಯನ್ನು ಇಲ್ಲಿ ಪುನಃ ಹೇಳಬೇಕಾಗಿಲ್ಲ.

ಅಂಗೀಕೃತವಾದ ಪೀಪಾಯಿಯ ಮೈಮೇಲೆ ಒಂದು ಸಾಲು ಅಕ್ಷರಾಂಕಗಳಿರುವುವು. ಅದರಲ್ಲಿ ಎಕ್ಸ್, ವೈ, ಜಡ್ ಎಂಬ ಅಕ್ಷರಗಳಲ್ಲೊಂದು, ಅದರ ಪಕ್ಕದಲ್ಲಿ ದ್ರವದ ಸಾಂದ್ರತೆ, ಆಮೇಲೆ ಪೀಪಾಯಿಯು ನೀರಿನ ಒತ್ತಡದ ಪರೀಕ್ಷೆಯಲ್ಲಿ ತಡೆದ ಕಿಲೋಪಾಸ್ಕಲುಗಳ ಸಂಖ್ಯೆ ಕ್ರಮವಾಗಿ ಬರುವುವು. ಲೋಹದ ಪೀಪಾಯಿಯನ್ನು ಆ ಒತ್ತಡದಲ್ಲಿ 5 ನಿಮಿಷವೂ ಪ್ಲಾಸ್ಟಿಕ್ಕಿನದನ್ನು 30 ನಿಮಿಷವೂ ಇಟ್ಟು ನೋಡುವರು. ಇಲ್ಲಿ ಒಂದು ತೊಡಕುಂಟು. ರಟ್ಟಿನ ಪೆಟ್ಟಿಗೆಯೊಳಗೆ ಸೀಸೆಗಳನ್ನಿಟ್ಟು ಕಳುಹಿಸುವಲ್ಲಿ ಪೆಟ್ಟಿಗೆಯ ಮೇಲಿನ ಗುರುತಿನಲ್ಲಿ ತೂಕವೇ ಮೊದಲಾದುವು ಇರುವುವೇ ಹೊರತು ಒತ್ತಡದ ಅಂಕಿಯು ಇರುವುದಿಲ್ಲ. ಗುರುತನ್ನು ಕಂಡು ಎಲ್ಲವೂ ಸರಿಯಾಗಿದೆಯೆಂದು ನಂಬುವವರು ಮೋಸಹೋಗುವುದು ಇಲ್ಲಿಯೇ. ಒಳಗಿನ ಸೀಸೆಯು 95ನ್ನು ತಡೆಯುವುದೆಂಬುದನ್ನು ಖಚಿತಪಡಿಸಿಕೊಳ್ಳುವ ಹೊಣೆ ಕಳುಹಿಸುವವನದು. ಸೀಸೆ ಮಾರುವವನಿಂದ ಪರೀಕ್ಷಾ ಪತ್ರವನ್ನು ಕೇಳಿ ಪಡೆಯುವುದು ಉತ್ತಮ.

ಸೀಸೆಯನ್ನು ರಾತ್ರಿಯೆಲ್ಲ ಕಾಗದದ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಬೆಳಗ್ಗೆ ನೋಡುವ ರೂಢಿಯು ಕೆಲವೆಡೆ ಇದೆ. ತೀರ ಕೆಟ್ಟ ಮುಚ್ಚಳಗಳು ಇದರಿಂದ ಬಯಲಾಗುವುವೆಂಬುದು ನಿಜ. ಆದರೆ ಇದರಲ್ಲಿ ಗೆದ್ದ ಸೀಸೆಯು ಆಕಾಶದಲ್ಲಿಯೂ ಗೆಲ್ಲುವುದೆಂದು ಹೇಳಲಾಗದು. ಮುಚ್ಚಿದ ಸೀಸೆಯನ್ನು ಗಾಜಿನ ಕೋಣೆಯಲ್ಲಿಟ್ಟು ಸುತ್ತಲಿನ ಗಾಳಿಯನ್ನು ಹೊರಕ್ಕೆಳೆದು ನೋಡುವ ಯಂತ್ರವೂ ಉಂಟು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಅದಕ್ಕೊಂದು ಮಿತಿಯಿದೆ. ಅಲ್ಲಿ ಮುಚ್ಚಿದ ಸೀಸೆಯೊಳಗಿರುವುದೇ 91 ಕಿಲೋಪಾಸ್ಕಲ್. ಹೊರಗಿನ ಗಾಳಿಯನ್ನು ಲವಲೇಶವೂ ಬಿಡದೆ ಎಳೆದರೂ ವ್ಯತ್ಯಾಸವು 91ನ್ನು ಮೀರದು. ಆದುದರಿಂದ ಅಲ್ಲಿ 95ನ್ನು ಕಾಣಬೇಕಾದರೆ ಸೀಸೆಯೊಳಕ್ಕೇ ನೀರನ್ನೋ ಗಾಳಿಯನ್ನೋ ಒತ್ತಿ ತುಂಬಿ ಪರೀಕ್ಷಿಸಬೇಕು.

ಗ್ರಾಮದ ಮುಖಂಡರಿಗೆ ಈ ವಿಷಯವು ಅತ್ಯಂತ ಹತ್ತಿರವಾಗುವುದು ದನಕರುಗಳ ಕಾಯಿಲೆಯ ಕಾಲದಲ್ಲಿ. 2022ನೆಯ ಇಸವಿಯಲ್ಲಿ ಚರ್ಮಗಂಟು ರೋಗವು ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಹಬ್ಬಿದುದು ಯಾರಿಗೂ ಮರೆತಿರಲಾರದು. ಹಕ್ಕಿಜ್ವರವೇ ಹೌದೆಂದು ನಿಶ್ಚಯಿಸುವ ಪ್ರಯೋಗಶಾಲೆಯು ಭೋಪಾಲಿನಲ್ಲಿದೆ. ಇಂಥ ದೂರದ ಸ್ಥಳಗಳಿಗೆ ರಕ್ತವನ್ನಾಗಲಿ ಗಂಟಲಿನ ದ್ರವವನ್ನಾಗಲಿ ಬೇಗ ಮುಟ್ಟಿಸಬೇಕಾದರೆ ವಿಮಾನವೇ ಗತಿ. ಕೊಳವೆಯು ದಾರಿಯಲ್ಲಿ ಸೋರಿತೆಂದರೆ ಪರೀಕ್ಷೆಯು ನಿಂತುಹೋಗಿ ಮತ್ತೊಮ್ಮೆ ಮಾದರಿ ತೆಗೆಯಬೇಕಾಗುವುದು. ಅಷ್ಟರಲ್ಲಿ ರೋಗದ ಪ್ರಾಣಿಯು ಮಣ್ಣು ಸೇರಿರಬಹುದು, ರೋಗವು ಪಕ್ಕದ ಊರಿನ ಕೊಟ್ಟಿಗೆಯನ್ನು ಹೊಕ್ಕಿರಬಹುದು. ಪೆಟ್ಟಿಗೆಯನ್ನು ಎತ್ತಿಳಿಸುವ ಕೂಲಿಯವನ ಕೈಗೂ ಅದು ಅಂಟುವುದು.

ಆದಕಾರಣ ಇಂಥ ಮಾದರಿಗಳನ್ನು ಮೂರು ಹೊದಿಕೆಗಳಲ್ಲಿ ಕಟ್ಟುವ ವಿಧಾನವು ಗೊತ್ತಾಗಿದೆ. ರಕ್ತದ ಕೊಳವೆಯು ಮೊದಲನೆಯದು. ಅದರ ಸುತ್ತ, ಒಳಗಿನ ದ್ರವವನ್ನೆಲ್ಲ ಹೀರುವಷ್ಟು ಹತ್ತಿಯನ್ನು ಸುತ್ತಿ, ಸೋರದ ಡಬ್ಬಿಯಲ್ಲಿ ಅಥವಾ ಚೀಲದಲ್ಲಿ ಇಡುವುದು ಎರಡನೆಯದು. ಹೊರಗಿನ ಗಟ್ಟಿ ಪೆಟ್ಟಿಗೆಯು ಮೂರನೆಯದು. ಕಟ್ಟಿದ ಪೆಟ್ಟಿಗೆಯು 1.2 ಮೀಟರು ಎತ್ತರದಿಂದ ಬಿದ್ದರೂ ಕೊಳವೆಯು ಸೋರಬಾರದು. ಮೊದಲನೆಯ ಎರಡರಲ್ಲಿ ಒಂದಾದರೂ 95 ಕಿಲೋಪಾಸ್ಕಲನ್ನು ತಡೆಯಲೇಬೇಕು. ಸಾಮಾನ್ಯ ರಕ್ತದ ಕೊಳವೆಯ ರಬ್ಬರು ಬಿರಟೆಯನ್ನು ಇಷ್ಟಕ್ಕೆ ನಂಬಲಾಗದುದರಿಂದ, 95 ಎಂಬ ಅಂಕಿಯನ್ನು ಅಚ್ಚುಹಾಕಿದ ಚೀಲವನ್ನು ಎರಡನೆಯ ಹೊದಿಕೆಯಾಗಿ ಬಳಸುವುದು ಕ್ಷೇಮ. ಕೊಳವೆಯೊಂದರಲ್ಲಿ ಒಂದು ಲೀಟರನ್ನೂ ಪೆಟ್ಟಿಗೆಯೊಂದರಲ್ಲಿ ನಾಲ್ಕು ಲೀಟರನ್ನೂ ಮೀರಕೂಡದು. ಮಾದರಿಯನ್ನು ತೆಗೆಯುವುದೂ ಕಟ್ಟುವುದೂ ಪಶುವೈದ್ಯರ ಕೆಲಸ; ಊರಿನವರು ತಾವೇ ಸೀಸೆಯಲ್ಲಿ ತುಂಬಿ ಯಾರದೋ ಕೈಚೀಲದಲ್ಲಿ ಕಳುಹಿಸುವುದು ಸರ್ವಥಾ ಕೂಡದು. ಕ್ರಿಮಿನಾಶಕದ ಡಬ್ಬಿಗಳನ್ನೂ ಪ್ರಯಾಣಿಕರು ತಮ್ಮ ಸಾಮಾನಿನೊಡನೆ ವಿಮಾನಕ್ಕೆ ಒಯ್ಯುವಂತಿಲ್ಲ.

ಮಾದರಿಯು ಕೆಡದಂತೆ ಒಣ ಮಂಜುಗಡ್ಡೆಯನ್ನು ಹಾಕುವಲ್ಲಿ ಮಾತ್ರ ನ್ಯಾಯವು ತಿರುಗುಮುರುಗಾಗುವುದು. ಅದು ಕರಗಿ ನೀರಾಗದೆ ನೇರವಾಗಿ ಅನಿಲವಾಗುವುದರಿಂದ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಸಿಡಿಯುವುದು. ಆದುದರಿಂದ ಅದನ್ನು ಎರಡನೆಯ ಹೊದಿಕೆಯ ಹೊರಗೆ ಇಟ್ಟು, ಹೊರಪೆಟ್ಟಿಗೆಯಲ್ಲಿ ಅನಿಲವು ಹೋಗಲು ದಾರಿ ಬಿಡಬೇಕು. ಗಡ್ಡೆಯು ಸವೆದುಹೋದ ಮೇಲೆ ಒಳಗಿನ ಡಬ್ಬಿಯು ಉರುಳಾಡದೆ ಇದ್ದಲ್ಲಿಯೇ ನಿಲ್ಲುವಂತೆ ಸುತ್ತಲೂ ಆಸರೆಯನ್ನು ಕೊಡಬೇಕು.