ಮನೆಯಂಗಳದಲ್ಲಿ ಜಾವಾ: ಮೊದಲು ದುರಸ್ತಿ, ಆಮೇಲೆ ಮಾರ್ಪಾಡು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ದಿ ಬೈಕುಗಳು ಇಂದಿಗೂ ಕರ್ನಾಟಕದ ರಸ್ತೆಗಳಲ್ಲಿ ಓಡುತ್ತಿರುವುದಕ್ಕೆ ಅವುಗಳ ಗಟ್ಟಿತನದಷ್ಟೇ ರಚನೆಯ ಸರಳತೆಯೂ ಕಾರಣ. ಜೆಕೊಸ್ಲೊವಾಕಿಯಾದ ವಿನ್ಯಾಸವನ್ನು ಆಧರಿಸಿದ ಈ 250 ಸಿಸಿ ಬೈಕುಗಳದು ಟೂ-ಸ್ಟ್ರೋಕ್ ಎಂಜಿನ್. ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಅದರ ಒಂದು ಸುತ್ತಿನ ಕೆಲಸ ಮುಗಿಯುತ್ತದೆ. ವಾಲ್ವ್‌ಗಳಿಲ್ಲದ ಈ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುವುದರಿಂದ, ನಾಲ್ಕಾರು ಸ್ಪ್ಯಾನರ್, ಒಂದು ಸ್ಕ್ರೂ ಡ್ರೈವರ್ ಮತ್ತು ಕಿರಿದಾದ ಅಂತರಗಳನ್ನು ಅಳೆಯುವ ಫೀಲರ್ ಗೇಜ್ ಇಟ್ಟುಕೊಂಡವರು ಇದರ ಹೆಚ್ಚಿನ ದುರಸ್ತಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 2018ರಲ್ಲಿ ಜಾವಾ ಹೆಸರಿನಲ್ಲಿ ಮರಳಿ ಬಂದ ಬೈಕುಗಳದು ಫೋರ್-ಸ್ಟ್ರೋಕ್ ಎಂಜಿನ್ ಆಗಿರುವುದರಿಂದ ಇಲ್ಲಿನ ವಿವರಗಳು ಅವುಗಳಿಗೆ ಅನ್ವಯಿಸುವುದಿಲ್ಲ.

ಹಳೆಯ ಬೈಕು ಕೊಂಡವರಲ್ಲಿ ಅನೇಕರು ಮೊದಲ ದಿನದಿಂದಲೇ ಅದನ್ನು ಮಾರ್ಪಡಿಸಲು ತೊಡಗುತ್ತಾರೆ. ಆದರೆ ಎಳೆತ ಸಾಲದು, ದೀಪ ಮಂದವಾಗಿದೆ, ಕಿಕ್ ಹೊಡೆದರೆ ಸ್ಟಾರ್ಟ್ ಆಗುವುದಿಲ್ಲ ಎಂಬ ದೂರುಗಳ ಬಹುಪಾಲು ಬೈಕಿನ ಮೂಲ ವಿನ್ಯಾಸದ ದೋಷವಲ್ಲ, ವರ್ಷಗಟ್ಟಲೆ ಆಗದೆ ಉಳಿದ ಪಾಲನೆಯ ಫಲ.

ಇದಕ್ಕೆ ಪಾಯಿಂಟ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಎಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಒಂದು ಪುಟ್ಟ ಸ್ವಿಚ್ಚೇ ಪಾಯಿಂಟ್. ಅದು ತೆರೆದ ಕ್ಷಣದಲ್ಲಿ ಇಗ್ನಿಷನ್ ಕಾಯಿಲ್‌ನಲ್ಲಿ ಹರಿಯುತ್ತಿದ್ದ ವಿದ್ಯುತ್ ಕಡಿದುಹೋಗಿ, ಆಗ ಹುಟ್ಟುವ ಸಾವಿರಾರು ವೋಲ್ಟ್‌ಗಳ ಒತ್ತಡವು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಪೂರ್ತಿ ತೆರೆದಾಗ ಪಾಯಿಂಟ್‌ಗಳ ನಡುವೆ ಸುಮಾರು 0.4 ಮಿಲಿಮೀಟರ್ ಅಂತರವಿರಬೇಕು. ತಿರುಗುವ ಕ್ಯಾಮ್‌ಗೆ ಉಜ್ಜಿ ಉಜ್ಜಿ ಪಾಯಿಂಟಿನ ಹಿಮ್ಮಡಿ ಸವೆದಂತೆ ಈ ಅಂತರ ಕಿರಿದಾಗಿ ಕಿಡಿ ತಡವಾಗಿ ಬೀಳುತ್ತದೆ, ಎಂಜಿನ್ ಬಿಸಿಯಾಗಿ ಎಳೆತ ಕುಗ್ಗುತ್ತದೆ. ಪಾಯಿಂಟನ್ನು ನಯವಾದ ಉಪ್ಪುಕಾಗದದಿಂದ ಹದವಾಗಿ ಉಜ್ಜಿ, ಒರೆಸಿ, ಫೀಲರ್ ಗೇಜ್‌ನಿಂದ ಅಂತರ ಹೊಂದಿಸಿ, ಬಳಿಕ ಕಿಡಿ ಬೀಳುವ ಹೊತ್ತನ್ನು, ಅಂದರೆ ಟೈಮಿಂಗನ್ನು, ಪರೀಕ್ಷಿಸಿದರೆ, ಹೊಸ ಕಾರ್ಬುರೇಟರ್ ಕೊಳ್ಳಲು ಹೊರಟವರು ಎಷ್ಟೋ ಸಲ ಆ ಖರ್ಚನ್ನು ಕೈಬಿಡಬಹುದು.

ಎರಡನೆಯ ಕೆಲಸ ಕಾರ್ಬನ್ ತೆಗೆಯುವುದು. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಯಲ್ಲೇ 2ಟಿ ಆಯಿಲ್ ಬೆರೆಸಬೇಕಾಗಿದ್ದು, ಸುಟ್ಟ ಆಯಿಲಿನ ಶೇಷವು ಸಿಲಿಂಡರ್ ಹೆಡ್, ಹೊಗೆಯ ಕಿಂಡಿ ಮತ್ತು ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಬ್ಯಾಫಲ್‌ಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಲ್ಯೂಮಿನಿಯಂ ಹೆಡ್ಡನ್ನು ಉಕ್ಕಿನ ಉಳಿಯಿಂದ ಕೆರೆದರೆ ಗೀರುಗಳು ಬೀಳುವುದರಿಂದ ಮರದ ಚಕ್ಕೆಯನ್ನೇ ಬಳಸಬೇಕು. ಪ್ಲಗ್ಗಿನ ಬಣ್ಣವನ್ನೂ ಇದೇ ಹೊತ್ತಿಗೆ ನೋಡಬೇಕು: ಕಾಫಿ ಕಂದು ಇದ್ದರೆ ಮಿಶ್ರಣ ಸರಿಯಿದೆ, ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿದೆ, ಬಿಳಿಚಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಮೂರನೆಯ ಸ್ಥಿತಿಯಲ್ಲಿ ಓಡಿಸುತ್ತಾ ಹೋದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಪಾಲನೆಯ ಅಂಗವಾಗಿ ಬ್ರೇಕ್ ಡ್ರಮ್ಮನ್ನೂ ಬಿಚ್ಚಿದಾಗ ಹಳೆಯ ಲೈನರ್‌ಗಳ ಧೂಳಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದಾದ್ದರಿಂದ, ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಇವೆಲ್ಲ ಸರಿಯಾದ ಬಳಿಕವೂ ಉಳಿಯುವ ಕೊರತೆಗಳಿಗೆ ಮಾತ್ರ ಮಾರ್ಪಾಡು ಒಪ್ಪುತ್ತದೆ. ಹಳೆಯ ಮಾದರಿಗಳ 6 ವೋಲ್ಟ್ ಡೈನಮೊ ಇಂದಿನ ರಾತ್ರಿ ಸಂಚಾರಕ್ಕೆ ಸಾಲದು. ಅದನ್ನು 12 ವೋಲ್ಟ್‌ಗೆ ಬದಲಿಸುವುದು ಯೋಗ್ಯವಾದ ಕೆಲಸ, ಆದರೆ ಬ್ಯಾಟರಿಯೊಂದನ್ನೇ ಬದಲಿಸಿದರೆ ಆಗದು, ಬಲ್ಬ್, ಹಾರ್ನ್, ಕಾಯಿಲ್, ರೆಗ್ಯುಲೇಟರ್ ಎಲ್ಲವೂ ಹೊಸ ವೋಲ್ಟೇಜಿಗೆ ಹೊಂದಬೇಕು. ಪಾಯಿಂಟ್ ಇಲ್ಲದೆ ಎಲೆಕ್ಟ್ರಾನಿಕ್ ವಿಧಾನದಲ್ಲಿ ಕಿಡಿ ಕೊಡುವ ಸಿಡಿಐ ಕೂಡ ಉಪಯುಕ್ತವೇ. ಪಾಯಿಂಟನ್ನು ದಾರಿಯಲ್ಲೇ ಉಜ್ಜಿ ಮನೆ ಸೇರಬಹುದು, ಸಿಡಿಐ ಕೆಟ್ಟರೆ ಬದಲಿ ಘಟಕವೇ ಬೇಕು ಎಂಬುದನ್ನು ಮಾತ್ರ ಅರಿತಿರಬೇಕು. ಎಥೆನಾಲ್ ಬೆರೆಸಿದ ಇಂದಿನ ಪೆಟ್ರೋಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಅದನ್ನು ತಾಳುವ ಪೆಟ್ರೋಲ್ ಪೈಪ್ ಹಾಕುವುದು ಮಾರ್ಪಾಡು ಎನ್ನುವುದಕ್ಕಿಂತ ಅಗತ್ಯ.

ಸೈಲೆನ್ಸರಿನ ಬ್ಯಾಫಲ್ ಕಿತ್ತು ಸದ್ದು ಹೆಚ್ಚಿಸುವುದು ಮಾತ್ರ ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೋಗುವ ಕಿಂಡಿಯೂ ಹೊಸ ಮಿಶ್ರಣ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಸೈಲೆನ್ಸರಿನಿಂದ ಹಿಂತಿರುಗುವ ಒತ್ತಡದ ಅಲೆಯು ಹೊರಜಾರಲಿದ್ದ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಬ್ಯಾಫಲ್ ತೆಗೆದರೆ ಈ ಹೊಂದಾಣಿಕೆ ಕೆಟ್ಟು, ಸದ್ದು ಏರಿದರೂ ಎಳೆತ ಇಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದ್ದು, ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಕಾರ್ಖಾನೆಯೇ ಮುಚ್ಚಿರುವಾಗ ಈ ಬೈಕುಗಳ ಮೂಲ ಬಿಡಿಭಾಗಗಳು ಇನ್ನು ತಯಾರಾಗುವುದಿಲ್ಲ. ಆದ್ದರಿಂದ ಮಾರ್ಪಾಡು ಮಾಡುವವರು ಬಿಚ್ಚಿದ ಡೈನಮೊ, ಕಾಯಿಲ್, ಪಾಯಿಂಟ್ ಪ್ಲೇಟ್‌ಗಳನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಚೀಟಿ ಅಂಟಿಸಿ ಜೋಪಾನವಾಗಿ ಇಟ್ಟುಕೊಳ್ಳಬೇಕು.