ವ್ಯಾಪಾರದ ವ್ಯಾಜ್ಯವೂ ವಕೀಲರ ಪೂರ್ವಾಶ್ರಮವೂ



ಸಂನ್ಯಾಸಿಯ ಪೂರ್ವಾಶ್ರಮವನ್ನು ಕೇಳಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಮರ್ಯಾದೆ. ವಕೀಲರ ಪೂರ್ವಾಶ್ರಮವನ್ನಾದರೋ ಕೇಳಿಯೇ ತೀರಬೇಕೆಂಬುದು ನಾನು ಈ ಸಂಜೆ ತಮ್ಮ ಮುಂದೆ ಅರಿಕೆಮಾಡಲಿರುವ ವಿಷಯ. ಎಲ್ಲ ವ್ಯಾಜ್ಯಗಳಿಗೂ ಈ ಮಾತು ಸಲ್ಲದಿರಬಹುದು. ವ್ಯಾಪಾರದ ವ್ಯಾಜ್ಯಕ್ಕೆ ಮಾತ್ರ ನಿಶ್ಚಯವಾಗಿ ಸಲ್ಲುವುದು. ಕೊಲೆಯ ಮೊಕದ್ದಮೆಯಲ್ಲಿ ವಕೀಲರು ಮನುಷ್ಯನ ನಾಲಗೆಯನ್ನು ಪರೀಕ್ಷಿಸುವರು. ವ್ಯಾಪಾರದ ಮೊಕದ್ದಮೆಯಲ್ಲಿ ಅವರು ಪರೀಕ್ಷಿಸಬೇಕಾದುದು ಕಿರ್ದಿ, ಖಾತೆ, ತೂಕದ ಚೀಟಿ, ಹುಂಡಿ, ಕರಾರುಪತ್ರ. ಇವುಗಳ ಭಾಷೆ ಕಾನೂನಿನ ಪುಸ್ತಕದಲ್ಲಿಲ್ಲ. ಎಲ್ಲಿಯೋ ಮೊದಲು ಕಲಿತಿರಬೇಕು.

ದೃಷ್ಟಾಂತಕ್ಕಾಗಿ ದೊಡ್ಡ ಪಟ್ಟಣವನ್ನು ಬಿಟ್ಟು ಅಫಜಲಪುರವನ್ನು ತೆಗೆದುಕೊಳ್ಳುತ್ತೇನೆ. ಕಲಬುರಗಿ ಜಿಲ್ಲೆಯ ಪಡುವಣ ಅಂಚಿನಲ್ಲಿ, ಭೀಮಾನದಿಯ ದಡದ ಸೀಮೆ ಅದು. ಗಾಣಗಾಪುರದ ದತ್ತಕ್ಷೇತ್ರವು ಇದೇ ತಾಲ್ಲೂಕಿನಲ್ಲಿರುವುದರಿಂದ ಅನೇಕರು ಆ ಕಡೆ ಹೋಗಿಬಂದಿರಬಹುದು. 1948ರವರೆಗೆ ಇದು ನಿಜಾಮರ ಸಂಸ್ಥಾನ. ಹೊಳೆ ದಾಟಿದರೆ ಇಂಡಿ ತಾಲ್ಲೂಕು, ಅಂದರೆ ಮುಂಬಯಿ ಇಲಾಖೆಯ ಬ್ರಿಟಿಷ್ ಆಡಳಿತ. ವಾಯವ್ಯಕ್ಕೆ ಹೊರಟರೆ ಅಕ್ಕಲಕೋಟೆಯ ಸಂಸ್ಥಾನ. ಅದನ್ನೂ ದಾಟಿದರೆ ಸೊಲ್ಲಾಪುರದ ಪೇಟೆ, ಮತ್ತೆ ಬ್ರಿಟಿಷರದು. ಒಂದು ಬಂಡಿ ಜೋಳವೋ ಅರಳೆಯೋ ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಮೂರು ಸರಕಾರಗಳ ನೆಲದ ಮೇಲೆ ಉರುಳಿರುತ್ತಿತ್ತು!

ನಾಣ್ಯವೂ ಒಂದೇ ಅಲ್ಲ. ನಿಜಾಮರ ರೂಪಾಯಿಗೆ ಹಾಲಿ ಸಿಕ್ಕಾ ಎಂದೂ ಬ್ರಿಟಿಷರ ರೂಪಾಯಿಗೆ ಕಲದಾರ ಎಂದೂ ಹೆಸರು. ನೂರು ಕಲದಾರಕ್ಕೆ ಹಾಲಿ ಸಿಕ್ಕಾ 116 ರೂಪಾಯಿ 10 ಆಣೆ 8 ಪೈ ಎಂಬುದು ರೂಢಿಯ ಲೆಕ್ಕ. ಕರಾರಿನಲ್ಲಿ ಬರಿಯ ‘ರೂಪಾಯಿ’ ಎಂದು ಬರೆದು ಯಾವ ರೂಪಾಯಿಯೆಂದು ಹೇಳದೆ ಬಿಟ್ಟರೆ ಆರನೆಯ ಒಂದು ಪಾಲಿನಷ್ಟು ಹಣಕ್ಕೆ ಜಗಳ ಸಿದ್ಧವಾದಂತೆಯೇ. ಇಂಥ ಜಗಳವನ್ನು ಬಿಡಿಸುವವನು ಧಾರೆಗಳನ್ನು ಬಾಯಿಪಾಠ ಮಾಡಿದವನಲ್ಲ, ಪೇಟೆಯ ವಾಡಿಕೆಯನ್ನು ಬಲ್ಲವನು.

ಇನ್ನೊಂದು ತೊಡಕುಂಟು. ಒಂದು ಸಂಸ್ಥಾನದ ನ್ಯಾಯಾಲಯವು ಕೊಟ್ಟ ತೀರ್ಪು ಬ್ರಿಟಿಷ್ ಭಾರತದಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ಈ ವಿಷಯದಲ್ಲಿ ಪ್ರಖ್ಯಾತವಾದುದು ಫರೀದಕೋಟದ ರಾಜನ ಮೊಕದ್ದಮೆ. ಗುರ್ದಯಾಲ್ ಸಿಂಗ್ ಎಂಬಾತನು ಆ ಸಂಸ್ಥಾನದ ಖಜಾನೆಯಲ್ಲಿ ಉದ್ಯೋಗಿಯಾಗಿದ್ದು ಕೆಲಸ ಬಿಟ್ಟು ಬೇರೆ ಸಂಸ್ಥಾನಕ್ಕೆ ಹೋಗಿ ನೆಲಸಿದನು. ರಾಜನು ತನ್ನ ನ್ಯಾಯಾಲಯದಲ್ಲಿಯೇ ದಾವೆ ಹೂಡಿ, ಪ್ರತಿವಾದಿಯು ಹಾಜರಾಗದಿರಲು ಏಕಪಕ್ಷೀಯವಾಗಿ ಡಿಕ್ರಿ ಪಡೆದನು. ಅದನ್ನು ಹಿಡಿದು ಲಾಹೋರಿನಲ್ಲಿ ವಸೂಲಿಗೆ ಹೋದಾಗ, 1894ರಲ್ಲಿ ಪ್ರಿವಿ ಕೌನ್ಸಿಲು ಆ ಡಿಕ್ರಿಗೆ ಹೊರನಾಡಿನಲ್ಲಿ ಬೆಲೆಯಿಲ್ಲವೆಂದು ತೀರ್ಮಾನಿಸಿತು. ಪ್ರತಿವಾದಿಯು ಆ ನೆಲದಲ್ಲಿರಲಿಲ್ಲ, ಆ ನ್ಯಾಯಾಲಯದ ಅಧಿಕಾರಕ್ಕೆ ಒಪ್ಪಿಯೂ ಇರಲಿಲ್ಲವೆಂಬುದೇ ಕಾರಣ. ಗಡಿಯ ವ್ಯಾಪಾರಿಗೆ ಇದರ ಅರ್ಥವೇನು? ಹೊಳೆಯಾಚೆಯ ಸಾಲಗಾರನ ಮೇಲೆ ಈಚೆಯ ದಡದಲ್ಲಿ ಗೆದ್ದ ಮೊಕದ್ದಮೆಯು ಹೊಳೆ ದಾಟುವುದರೊಳಗಾಗಿ ಕಾಗದವಾಗಿ ಉಳಿಯಬಹುದು. ದಾವೆಯನ್ನು ಎಲ್ಲಿ ಹೂಡಬೇಕೆಂಬ ಪ್ರಶ್ನೆಯೇ ಅಲ್ಲಿ ಅರ್ಧ ಮೊಕದ್ದಮೆಯಾಗಿತ್ತು.

ಇಂಥ ಸೀಮೆಯ ವಕೀಲರು ಎಲ್ಲಿ ತಯಾರಾಗುತ್ತಿದ್ದರು? ಹೈದರಾಬಾದು ಸಂಸ್ಥಾನದಲ್ಲಿ ನ್ಯಾಯಾಲಯದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಉಚ್ಚಶಿಕ್ಷಣವನ್ನು ಕೊಟ್ಟಿತು; ಅದಕ್ಕೆ ಬೇಕಾದ ಗ್ರಂಥಗಳನ್ನು ಅನುವಾದಿಸಲು ಪ್ರತ್ಯೇಕ ಭಾಷಾಂತರ ಖಾತೆಯನ್ನೇ ತೆರೆದಿದ್ದರು. ಹಾಗಾಗಿ ಕಲಬುರಗಿಯ ಕಡೆಯ ಒಬ್ಬ ಕನ್ನಡ ವಕೀಲನು ಮನೆಯಲ್ಲಿ ಕನ್ನಡ ನುಡಿದು, ಕೋರ್ಟಿನಲ್ಲಿ ಉರ್ದುವಿನಲ್ಲಿ ವಾದಿಸಿ, ಕಕ್ಷಿಗಾರನ ಲೆಕ್ಕವನ್ನು ಒಮ್ಮೊಮ್ಮೆ ಮರಾಠಿಯ ಮೋಡಿಲಿಪಿಯಲ್ಲಿ ಓದಬೇಕಾಗುತ್ತಿತ್ತು. ಇಷ್ಟು ಭಾಷೆಗಳ ನಡುವೆ ಬೆಳೆದುದು ಒಂದು ಹೊರೆಯೆಂದು ನಮ್ಮ ವಿದ್ಯಾವಂತರಲ್ಲಿ ಕೆಲವರು ಮರುಗುವುದುಂಟು. ನನಗೆ ಹಾಗೆ ತೋರದು. ಒಂದೇ ವ್ಯವಹಾರವನ್ನು ಮೂರು ಭಾಷೆಗಳಲ್ಲಿ ಹೇಳಬಲ್ಲವನಿಗೆ ಅದರ ತಿರುಳು ಯಾವುದು, ಮಾತಿನ ತೊಡವು ಯಾವುದು ಎಂಬುದು ಬೇಗನೆ ತಿಳಿಯುತ್ತದೆ. ವಕಾಲತ್ತು, ದಾವೆ, ತಕರಾರು, ಮುದ್ದತು, ಜಾಮೀನು ಎಂದು ನಾವು ಇಂದಿಗೂ ಆಡುವ ಮಾತುಗಳು ಆ ಕಾಲದ ಕೋರ್ಟುಗಳ ನೆನಪನ್ನು ಉಳಿಸಿಕೊಂಡಿವೆ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1951ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ 1872ರ ಕರಾರು ಕಾಯಿದೆ ಮೊದಲಾದ ಭಾರತದ ಕಾಯಿದೆಗಳು ಹಿಂದಿನ ಸಂಸ್ಥಾನಗಳಿಗೂ ವಿಸ್ತರಿಸಿದವು. ಸಂಸ್ಥಾನದ ಸ್ವಂತ ಶಾಸನಗಳ ಮೇಲೆ ವೃತ್ತಿಯನ್ನು ಕಟ್ಟಿಕೊಂಡವರು ಮಧ್ಯವಯಸ್ಸಿನಲ್ಲಿ ಹೊಸದಾಗಿ ಓದಲು ಕೂರಬೇಕಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉಚ್ಚ ನ್ಯಾಯಾಲಯವೂ ಹೈದರಾಬಾದಿನಿಂದ ಬೆಂಗಳೂರಿಗೆ ಬದಲಾಯಿತು. ಮೇಲ್ಮನವಿಗಾಗಿ ಹೋಗಬೇಕಾದ ದಾರಿ ಆರುನೂರು ಕಿಲೋಮೀಟರಿಗೆ ಕಡಿಮೆಯಿಲ್ಲ.

ಈ ಸೀಮೆಯ ಕಾನೂನು ಪದವೀಧರರಲ್ಲಿ ಅನೇಕರು ರಾಜಕಾರಣಕ್ಕೆ ಹೋದರು. ಚಿಂಚೋಳಿಯ ಕಡೆಯ ವೀರೇಂದ್ರ ಪಾಟೀಲರೂ ಜೇವರ್ಗಿ ತಾಲ್ಲೂಕಿನ ನೆಲೋಗಿಯ ಧರ್ಮಸಿಂಗರೂ ಉಸ್ಮಾನಿಯಾದಲ್ಲಿ ಕಾನೂನು ಓದಿದವರು, ಇಬ್ಬರೂ ಮುಖ್ಯಮಂತ್ರಿಗಳಾದರು. ಮಲ್ಲಿಕಾರ್ಜುನ ಖರ್ಗೆಯವರು ಕಲಬುರಗಿಯ ಶೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಓದಿ, ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಶಿವರಾಜ ಪಾಟೀಲರ ಕಚೇರಿಯಲ್ಲಿ ಕಿರಿಯರಾಗಿದ್ದು, ಕಾರ್ಮಿಕ ಸಂಘಗಳ ಪರವಾಗಿ ವಾದಿಸಿದವರು. ಕಲಬುರಗಿಯ ಎಂ.ಎಸ್.ಕೆ. ಗಿರಣಿಯ ಕಾರ್ಮಿಕ ಸಂಘಕ್ಕೆ ಅವರು 1969ರಲ್ಲಿ ಕಾನೂನು ಸಲಹೆಗಾರರಾದರು. ಹತ್ತಿಯ ಗಿರಣಿಯ ಕೂಲಿಯ ಲೆಕ್ಕವೂ ವಕೀಲನಿಗೆ ಒಂದು ಪಾಠಶಾಲೆಯೇ ಸರಿ.

ಪಟ್ಟಣಗಳ ರೀತಿ ಬೇರೆಯಾಗಿತ್ತು. ಮುಂಬಯಿ ಕಲಕತ್ತೆಗಳ ಉಚ್ಚ ನ್ಯಾಯಾಲಯಗಳಲ್ಲಿ ಅಟರ್ನಿ ಎಂಬ ಒಂದು ಪ್ರತ್ಯೇಕ ವರ್ಗವಿತ್ತು. ಕಕ್ಷಿಗಾರನನ್ನು ಕಂಡು ಮಾತಾಡುವುದು, ಕಾಗದಪತ್ರಗಳನ್ನು ಹೊಂದಿಸುವುದು ಅಟರ್ನಿಯ ಕೆಲಸ. ನ್ಯಾಯಾಧೀಶರ ಮುಂದೆ ನಿಂತು ವಾದಿಸುವುದು ಅಡ್ವೋಕೇಟರ ಕೆಲಸ. ಅಟರ್ನಿಯಾಗಬೇಕಾದವನು ಹಿರಿಯ ಅಟರ್ನಿಯ ಕಚೇರಿಯಲ್ಲಿ ಕರಾರಿಗೆ ಒಳಪಟ್ಟು ವರ್ಷಗಟ್ಟಲೆ ಗುಮಾಸ್ತಗಿರಿ ಮಾಡಬೇಕು. ಹಡಗಿನ ಸರಕಿನ ರಸೀತಿಯನ್ನೂ ಪಾಲುಗಾರಿಕೆಯ ಪತ್ರವನ್ನೂ ಅವನು ಅಲ್ಲಿ ಕೈಯಾರೆ ನಕಲು ಮಾಡಿ ಕಲಿಯುತ್ತಿದ್ದನು. 1976ರ ತಿದ್ದುಪಡಿಯಿಂದ ಈ ಪ್ರತ್ಯೇಕ ವರ್ಗವು ಹೋಯಿತು. ಕಕ್ಷಿಗಾರನ ಖರ್ಚು ಇಮ್ಮಡಿಯಾಗುತ್ತಿದ್ದ ವ್ಯವಸ್ಥೆ ಹೋದುದು ಒಳ್ಳೆಯದೇ. ಆದರೆ ಅದರೊಡನೆ ಆ ಗುಮಾಸ್ತಗಿರಿಯ ಶಿಕ್ಷಣವೂ ಹೋಯಿತು.

ಮುಂಬಯಿಯ ನಾನಿ ಪಾಲ್ಖೀವಾಲಾ ಅವರ ಪೂರ್ವಾಶ್ರಮವನ್ನು ಇಲ್ಲಿ ಹೇಳದೆ ಬಿಡಲಾರೆ. ಅವರು ಇಂಗ್ಲಿಷ್ ಸಾಹಿತ್ಯದ ಎಂ.ಎ. ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಿ, ಅದು ದೊರೆಯದೆ ಕಾನೂನಿಗೆ ಬಂದರು. ಜಮ್‌ಶೇಟ್‌ಜಿ ಕಾಂಗಾ ಅವರ ಬಳಿ ಕೆಲಸ ಕಲಿತು, ಕಾಂಗಾ ಅವರೊಡನೆ ಆದಾಯತೆರಿಗೆಯ ಮೇಲೆ ಬರೆದ ಗ್ರಂಥವು 1950ರಲ್ಲಿ ಹೊರಬಂದು ಪ್ರಮಾಣಗ್ರಂಥವಾಯಿತು. ನನ್ನಂಥ ಅಧ್ಯಾಪಕರು ಇದನ್ನು ಕೇಳಿ ಸಂತೋಷಪಡಬೇಕೋ, ಹುದ್ದೆ ದೊರೆತವರ ಗತಿಯನ್ನು ನೆನೆದು ಸುಮ್ಮನಿರಬೇಕೋ ತಿಳಿಯದು.

ಈಗ ದೊಡ್ಡ ಪಟ್ಟಣಗಳ ವಾಣಿಜ್ಯ ವಕೀಲರ ಸಂಸ್ಥೆಗಳಲ್ಲಿ ಎಂಜಿನಿಯರಾಗಿದ್ದವರು, ಲೆಕ್ಕಪರಿಶೋಧನೆ ಕಲಿತವರು, ಕಂಪನಿ ಕಾರ್ಯದರ್ಶಿಗಳಾಗಿದ್ದವರು, ನ್ಯಾಯಮೂರ್ತಿಗಳ ಬಳಿ ಸಹಾಯಕರಾಗಿದ್ದವರು ಕಾಣಸಿಗುತ್ತಾರೆ. ಸಂಬಳದ ಪೂರ್ಣಾವಧಿಯ ಉದ್ಯೋಗದಲ್ಲಿರುವಾಗ ವಕೀಲಿ ಮಾಡುವಂತಿಲ್ಲವೆಂಬ ನಿಯಮವಿರುವುದರಿಂದ, ಇವರೆಲ್ಲರಿಗೂ ಅದು ನಿಜವಾಗಿಯೂ ಪೂರ್ವಾಶ್ರಮವೇ. ಉಚ್ಚ ನ್ಯಾಯಾಲಯದ ಖಾಯಂ ನ್ಯಾಯಮೂರ್ತಿಗಳಾಗಿ ನಿವೃತ್ತರಾದವರು ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಇತರ ಉಚ್ಚ ನ್ಯಾಯಾಲಯಗಳಲ್ಲಿಯೂ ಮಾತ್ರ ವಾದಿಸಬಹುದೆಂದು ಸಂವಿಧಾನದ 220ನೆಯ ವಿಧಿ ಹೇಳುತ್ತದೆ. ವಕೀಲರು ಜಾಹೀರಾತು ಕೊಡಕೂಡದು. 2008ರಲ್ಲಿ ನಿಯಮವನ್ನು ಸಡಿಲಿಸಿದಾಗಲೂ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ವೃತ್ತಿಯ ಕ್ಷೇತ್ರ ಇಂಥ ಕೆಲವನ್ನಷ್ಟೇ ಅಂತರ್ಜಾಲದಲ್ಲಿ ಪ್ರಕಟಿಸಲು ಒಪ್ಪಿದರು. ಗೆದ್ದ ಮೊಕದ್ದಮೆಗಳ ಹೊಗಳಿಕೆ ಅದರಲ್ಲಿ ಸೇರಿಲ್ಲ. ಆದುದರಿಂದ ಬೇಕಾದುದನ್ನು ಕಕ್ಷಿಗಾರನು ಬಾಯಿಬಿಟ್ಟು ಕೇಳಬೇಕು.

ಕೇಳದಿದ್ದರೆ ಏನು ನಷ್ಟ? ಒಂದು ಸಂದರ್ಭವನ್ನು ಊಹಿಸೋಣ. ಅಫಜಲಪುರದ ಒಬ್ಬ ಅಡತಿ ವ್ಯಾಪಾರಿ ಕಲಬುರಗಿಯ ಬೇಳೆ ಗಿರಣಿಗೆ ಡಿಸೆಂಬರಿನಲ್ಲಿ ತೊಗರಿ ಕಳಿಸುತ್ತಾನೆ. ಗಿರಣಿಯವನು ಪ್ರತಿಯಾಗಿ ಬೇಳೆಯನ್ನೂ ದನಕ್ಕೆ ಹಾಕುವ ಹೊಟ್ಟನ್ನೂ ಕಳಿಸುತ್ತಾನೆ. ಒಮ್ಮೆ ಇವನಿಗೆ ಅವನು ಸಾಲಗಾರ, ಒಮ್ಮೆ ಅವನಿಗೆ ಇವನು. ಖಾತೆಯ ಕೊನೆಯ ನಮೂದು ಜನವರಿಯಲ್ಲಿ ಬಿದ್ದು ವ್ಯವಹಾರ ಕೆಟ್ಟಿತು. ಏಳು ಲಕ್ಷ ರೂಪಾಯಿ ಬಾಕಿ. 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಉದ್ದರಿಯ ವಾಯಿದೆ ಗೊತ್ತುಮಾಡದೆ ಮಾರಿದ ಸರಕಿನ ಬೆಲೆಗೆ ಸರಕು ಒಪ್ಪಿಸಿದ ದಿನದಿಂದ ಮೂರು ವರ್ಷ. ಆದರೆ ಎರಡು ಕಡೆಯಿಂದಲೂ ಬೇಡಿಕೆಗಳಿರುವ, ಮುಗಿಯದೆ ನಡೆಯುತ್ತಿರುವ ಪರಸ್ಪರ ಖಾತೆಗೆ ಬೇರೆ ಲೆಕ್ಕ: ಕೊನೆಯ ನಮೂದು ಬಿದ್ದ ವರ್ಷದ ಅಂತ್ಯದಿಂದ ಮೂರು ವರ್ಷ. ಆ ವರ್ಷವಾದರೂ ಖಾತೆಯಲ್ಲಿ ಎಣಿಸಿರುವಂತೆಯೇ ಎಂದು ಕಾಯಿದೆಯ ಮಾತು. ನಮ್ಮ ವ್ಯಾಪಾರಿಯ ಖಾತೆ ದೀಪಾವಳಿಯಿಂದ ದೀಪಾವಳಿಗೆ ನಡೆಯುವುದಾದರೆ ಅವನಿಗೆ ಸುಮಾರು ಹತ್ತು ತಿಂಗಳು ಹೆಚ್ಚಾಗಿ ಸಿಕ್ಕಿತು! ಬರಿಯ ಮಾರಾಟ, ನಡುನಡುವೆ ಬಂದ ಹಣ, ಇಷ್ಟೇ ಇದ್ದರೆ ಅದು ಪರಸ್ಪರ ಖಾತೆಯೆನಿಸದು. ಖಾತೆಯ ಪುಟವನ್ನು ನೋಡಿ ಈ ಭೇದವನ್ನು ಕಾಣಬಲ್ಲ ವಕೀಲನು ಏಳು ಲಕ್ಷವನ್ನು ಉಳಿಸುವನು; ಕಾಣದವನು ಮುದ್ದತು ಮೀರಿತೆಂದು ಕೈಯಾಡಿಸಿ ಕಳಿಸಿಬಿಡುವನು.

ಖಾತೆಯೊಂದೇ ಸಾಲದೆಂಬುದೂ ತಿಳಿದಿರಬೇಕು. ಕ್ರಮವಾಗಿ ಬರೆದಿಟ್ಟ ಲೆಕ್ಕದ ನಮೂದು ಪ್ರಸ್ತುತವಾದ ಸಾಕ್ಷ್ಯವಾದರೂ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದು 1872ರ ಸಾಕ್ಷ್ಯ ಕಾಯಿದೆಯ 34ನೆಯ ಧಾರೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಆದ್ದರಿಂದ ತೂಕದ ಚೀಟಿ, ಲಾರಿಯ ರಸೀತಿ, ಪೇಟೆಯ ಪಟ್ಟಿ ಇವೂ ಕೂಡಬೇಕು.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ಮೊದಲು ಒಂದು ಕೋಟಿ ರೂಪಾಯಿಗೆ ಮೇಲ್ಪಟ್ಟವರಿಗಾಗಿ ಬಂದುದು; 2018ರಲ್ಲಿ ಆ ಮೊತ್ತವನ್ನು ಮೂರು ಲಕ್ಷಕ್ಕೆ ಇಳಿಸಿದರು. ಅಂದರೆ ತಾಲ್ಲೂಕಿನ ಅಡತಿ ಅಂಗಡಿಯೂ ಅದರೊಳಕ್ಕೆ ಬಂದಿತು. ತುರ್ತು ಪರಿಹಾರ ಬೇಡದ ದಾವೆಯಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋಗದೆ ಹೂಡಿದ ದಾವೆ ನಿಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಖಂಡಿತವಾಗಿ ಹೇಳಿತು. ಪ್ರತಿವಾದಿಯು ಸಮನ್ಸು ಮುಟ್ಟಿದ 120 ದಿನಗಳೊಳಗೆ ಲಿಖಿತ ಉತ್ತರವನ್ನು ಕೊಡದಿದ್ದರೆ ಆಮೇಲೆ ಕೊಡುವ ಹಕ್ಕೇ ಇಲ್ಲ. ಭೂಮಿಯ ವ್ಯಾಜ್ಯಗಳಲ್ಲಿ ಮುದ್ದತಿನ ಮೇಲೆ ಮುದ್ದತು ಪಡೆದು ಪಳಗಿದ ಹಿರಿಯರು ಇಲ್ಲಿ ಎಡವುವುದು ಸಹಜ.

ದೂರದ ಕಷ್ಟವು ಈಗ ಕಡಿಮೆಯಾಗಿದೆ. ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2008ರಲ್ಲಿ ಕಲಬುರಗಿಗೆ ಬಂದು, 2013ರಲ್ಲಿ ಖಾಯಂ ಆಯಿತು. ಅಫಜಲಪುರದವನು ಬೆಳಿಗ್ಗೆ ಬಸ್ಸು ಹತ್ತಿದರೆ ವಕೀಲರನ್ನು ಕಂಡು ಸಂಜೆಗೆ ಮನೆ ಸೇರಬಹುದು. ಹೋಗುವಾಗ ಕಳೆದ ದೀಪಾವಳಿಯ ವಹಿಯನ್ನಷ್ಟೇ ಅಲ್ಲದೆ ಅದರ ಹಿಂದಿನ ವರ್ಷದ್ದನ್ನೂ ಚೀಲದಲ್ಲಿಟ್ಟುಕೊಂಡು ಹೋಗಲಿ. ವಕೀಲರು ಅವನ್ನು ಬಿಚ್ಚಿ ಯಾವ ಪುಟವನ್ನು ಮೊದಲು ನೋಡುತ್ತಾರೆಂಬುದನ್ನು ಎದುರಿಗೆ ಕುಳಿತು ಗಮನಿಸಲಿ.