ತೆರೆಯ ಮೇಲಿನ ಅಂಕಿ, ಹಲಗೆಯ ಮೇಲಿನ ಗೆರೆ

ಕಂಪ್ಯೂಟರಿನ ಅಪ್ಪಣೆಯಂತೆ ಮರವನ್ನು ಕೆತ್ತುವ, ಹಲಗೆಯನ್ನು ಕತ್ತರಿಸುವ ಸಿಎನ್‌ಸಿ ಯಂತ್ರಗಳು ಒಂದು ಕಾಲಕ್ಕೆ ದೊಡ್ಡ ಕಾರಖಾನೆಗಳ ಸೊತ್ತಾಗಿದ್ದವು. ಇಂದು ಮೇಜಿನ ಮೇಲೆ ಇಡುವಷ್ಟು ಚಿಕ್ಕ ಯಂತ್ರಗಳು ಬಂದಿವೆ. ಅವುಗಳಿಗೆ ಬೇಕಾದ ಮೋಟಾರು, ಬೋರ್ಡು, ತಂತಿಗಳು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಬಿಡಿಬಿಡಿಯಾಗಿ ದೊರೆಯುತ್ತವೆ. ಹಗಲೆಲ್ಲ ಗಲ್ಲಾದ ಮುಂದೆ ಕುಳಿತೋ ಕಚೇರಿಯ ಲೆಕ್ಕ ಬರೆದೋ ದಣಿದು ಬಂದವನೊಬ್ಬನು ರಾತ್ರಿಯ ಎರಡು ಗಂಟೆಗಳ ಬಿಡುವಿನಲ್ಲಿ ನಾಮಫಲಕಗಳನ್ನು ಕೆತ್ತಿ ನಾಲ್ಕು ಕಾಸು ಸಂಪಾದಿಸುವ ಆಸೆಯಿಂದ ಇಂಥ ಯಂತ್ರವನ್ನು ಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಯಂತ್ರವು ಮನೆಗೆ ಬಂದ ಮಾತ್ರಕ್ಕೆ ಫಲಕವು ಸಿದ್ಧವಾಗದು. ಮಾಟುಂಗದ ಹೊಟೇಲೊಂದರ ಗಲ್ಲಾದ ಮೇಲಿಡಲು ಕನ್ನಡದ ಚಿಕ್ಕ ಫಲಕವನ್ನು ಕೆತ್ತಿಕೊಡುವೆನೆಂದು ಒಪ್ಪಿಕೊಂಡ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳೋಣ. ಸಾಗವಾನಿಯ ಹಲಗೆಯನ್ನು ಕೊಂಡು ತಂದಿದ್ದಾನೆ. ಮೊದಲ ಮೂರು ಅಕ್ಷರಗಳು ಅಂದವಾಗಿ ಮೂಡುತ್ತವೆ. ನಾಲ್ಕನೆಯದು ಪಕ್ಕಕ್ಕೆ ಸರಿದು ಮೂರನೆಯದರ ಮೇಲೆ ಏರುತ್ತದೆ. ಹಲಗೆ ಹಾಳಾಯಿತು, ಹಣವೂ ಹೋಯಿತು, ನಾಳೆ ಒಪ್ಪಿಸಬೇಕಾದ ಮಾತೂ ಉಳಿಯಲಿಲ್ಲ. ಮಾರಿದವರನ್ನು ಕೇಳಿದರೆ ಸಾಫ್ಟ್‌ವೇರಿನ ದೋಷವೆನ್ನುತ್ತಾರೆ; ಸಾಫ್ಟ್‌ವೇರನ್ನು ಬಲ್ಲವರು ಯಂತ್ರದ ದೋಷವೆನ್ನುತ್ತಾರೆ. ಇಂಥ ಸಮಯದಲ್ಲಿ ದೋಷವು ಎಲ್ಲಿದೆಯೆಂದು ತಾನೇ ಕಂಡುಕೊಳ್ಳುವ ಕ್ರಮವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಪ್ಪಣೆ ನಡೆಯುವ ದಾರಿ

ಅಂಕಿಗಳಿಂದ ಯಂತ್ರವನ್ನು ನಡೆಸುವ ವಿದ್ಯೆ ಹೊಸದಲ್ಲ. ಅಮೇರಿಕದ ಜಾನ್ ಪಾರ್ಸನ್ಸ್ ಎಂಬವರ ಯೋಚನೆಯನ್ನು ಆಧರಿಸಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು 1952ರಲ್ಲಿ ಅಂಥ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅದು ಸಾಮಾನ್ಯರ ಕೈಗೆಟುಕಲು ದಶಕಗಳೇ ಬೇಕಾದವು. ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್ರುಡ್ ಎಂಬವರು 2009ರಲ್ಲಿ ಆರಂಭಿಸಿದ ‘ಗ್ರಬಲ್’ ಎಂಬ ಸಾಫ್ಟ್‌ವೇರು ಅಂಗೈಯಗಲದ ಆರ್ಡುಯಿನೋ ಬೋರ್ಡಿನಲ್ಲಿಯೇ ಕುಳಿತು ಮೂರು ದಿಕ್ಕುಗಳ ಚಲನೆಯನ್ನು ನಿಯಂತ್ರಿಸುತ್ತದೆ. ಇದು ಯಾರೂ ಹಣ ಕೊಡದೆ ಬಳಸಬಹುದಾದದ್ದು. ಇಂದಿನ ಚಿಕ್ಕ ಯಂತ್ರಗಳಲ್ಲಿ ಬಹುಪಾಲು ಇದನ್ನೋ ಇದರ ವಂಶದ್ದನ್ನೋ ಅವಲಂಬಿಸಿವೆ.

ಅಪ್ಪಣೆಯು ಹೀಗೆ ಸಾಗುತ್ತದೆ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ. ಆ ಚಿತ್ರದಿಂದ ಉಳಿಯು ನಡೆಯಬೇಕಾದ ದಾರಿಯನ್ನು ಇನ್ನೊಂದು ಸಾಫ್ಟ್‌ವೇರು ಲೆಕ್ಕ ಹಾಕಿ ‘ಜಿ-ಕೋಡ್’ ಎಂಬ ಸಾಲುಗಳಾಗಿ ಬರೆಯುತ್ತದೆ. ಆ ಸಾಲುಗಳನ್ನು ಮತ್ತೊಂದು ಸಾಫ್ಟ್‌ವೇರು ಯುಎಸ್‌ಬಿ ತಂತಿಯ ಮೂಲಕ ಬೋರ್ಡಿಗೆ ಒಂದೊಂದಾಗಿ ಕಳಿಸುತ್ತದೆ. ಬೋರ್ಡಿನ ಗ್ರಬಲ್ ಅವನ್ನು ಓದಿ ಸ್ಟೆಪ್ಪರ್ ಮೋಟಾರಿಗೆ ಇಷ್ಟು ಹೆಜ್ಜೆ ಇಡೆಂದು ಹೇಳುತ್ತದೆ. ಮೋಟಾರು ತಿರುಪನ್ನು ತಿರುಗಿಸುತ್ತದೆ. ತಿರುಪು ಉಳಿಯನ್ನು ಸರಿಸುತ್ತದೆ. ಇಷ್ಟು ಕೈಗಳಲ್ಲಿ ಯಾವುದೊಂದು ತಪ್ಪಿದರೂ ಹಲಗೆಯ ಮೇಲೆ ಕಾಣುವುದು ಒಂದೇ: ಕೆಟ್ಟ ಗೆರೆ.

ಅಂಕಿಯು ಸಾಕ್ಷಿಯಲ್ಲ

ಇಲ್ಲಿ ಮುಖ್ಯವಾದ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಉಳಿಯು ಈಗ ಎಲ್ಲಿದೆಯೆಂದು ಕಂಪ್ಯೂಟರಿನ ತೆರೆಯ ಮೇಲೆ ಅಂಕಿಗಳು ಕಾಣಿಸುತ್ತವೆ. ಅನೇಕರು ಇದನ್ನು ಯಂತ್ರವೇ ಅಳೆದು ಹೇಳಿದ ಸ್ಥಾನವೆಂದು ನಂಬುತ್ತಾರೆ. ವಾಸ್ತವವಾಗಿ ಅದು ಬೋರ್ಡು ತಾನು ಕಳಿಸಿದ ಹೆಜ್ಜೆಗಳನ್ನು ಎಣಿಸಿ ಬರೆದುಕೊಂಡ ಲೆಕ್ಕ ಮಾತ್ರ. ಮೋಟಾರು ನಿಜವಾಗಿ ಅಷ್ಟು ಹೆಜ್ಜೆ ನಡೆಯಿತೇ ಎಂದು ನೋಡುವ ಕಣ್ಣು ಈ ಅಗ್ಗದ ಯಂತ್ರಗಳಲ್ಲಿ ಇಲ್ಲ. ಮಾಣಿಯು ಎರಡು ಮಸಾಲೆಯೆಂದು ಒಳಗೆ ಕೂಗಿ, ದೋಸೆ ಮೇಜಿಗೆ ಬಂದಿತೇ ಎಂದು ನೋಡದೆಯೇ ಬಿಲ್ಲಿಗೆ ಸೇರಿಸಿಬಿಟ್ಟರೆ ಹೇಗೋ ಹಾಗೆ. ನಗದು ಪುಸ್ತಕದ ಶಿಲ್ಕನ್ನು ಗಲ್ಲಾದ ಹಣದೊಡನೆ ತಾಳೆ ನೋಡದೆ ಲೆಕ್ಕ ಮುಗಿಸುವ ಗುಮಾಸ್ತನಿಲ್ಲ. ಇಲ್ಲಿಯೂ ಅಂಕಿಯನ್ನು ಅಳತೆಪಟ್ಟಿಯೊಡನೆ ತಾಳೆ ನೋಡಬೇಕು. ಅಳೆಯದೆ ಸಾಫ್ಟ್‌ವೇರಿನ ಗುಂಡಿಗಳನ್ನು ಒತ್ತುತ್ತ ಕುಳಿತವನಿಗೆ ದೋಷವು ಸಿಕ್ಕುವುದು ಕಷ್ಟ.

ತಾಳೆ ನೋಡುವ ಕ್ರಮ ಸುಲಭ. ಉಳಿಯನ್ನು ತೆಗೆದು ಅದರ ಜಾಗದಲ್ಲಿ ಪೆನ್ನನ್ನು ಕಟ್ಟಿ, ಹಲಗೆಯ ಬದಲು ಕಾಗದವನ್ನು ಹಾಸಿ, ಒಂದು ದಿಕ್ಕಿನಲ್ಲಿ 100 ಮಿಲಿಮೀಟರ್ ನಡೆಯೆಂದು ಅಪ್ಪಣೆ ಕೊಟ್ಟು ಗೆರೆಯನ್ನು ಅಳೆಯಿರಿ. ಮೂರು ಸಲ ಮಾಡಿರಿ. ಒಂದು ಹಾಳೆ ಕಾಗದದ ಖರ್ಚಿನಲ್ಲಿ ಸಿಕ್ಕುವ ಈ ಮೂರು ಅಳತೆಗಳು ದೋಷದ ಅರ್ಧ ಗುಟ್ಟನ್ನು ಬಿಟ್ಟುಕೊಡುತ್ತವೆ.

ತಪ್ಪಿನ ಸ್ವರೂಪ

ಮೂರು ಸಲವೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ದೋಷವು ಲೆಕ್ಕದಲ್ಲಿದೆ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಅದನ್ನು ನಡೆಸುವ ಡ್ರೈವರು ಒಂದೊಂದು ಹೆಜ್ಜೆಯನ್ನು 16 ಪಾಲು ಮಾಡಿದರೆ ಸುತ್ತಿಗೆ 3,200 ಆಯಿತು. ತಿರುಪು ಒಂದು ಸುತ್ತಿಗೆ 4 ಮಿಲಿಮೀಟರ್ ಸರಿಯುವುದಾದರೆ ಮಿಲಿಮೀಟರಿಗೆ 800 ಹೆಜ್ಜೆ. ಗ್ರಬಲ್‌ನಲ್ಲಿ $100, $101, $102 ಎಂಬ ಮೂರು ಸ್ಥಾನಗಳಲ್ಲಿ ಮೂರು ದಿಕ್ಕುಗಳ ಈ ಸಂಖ್ಯೆಯನ್ನು ಬರೆದಿಡಲಾಗಿದೆ. $$ ಎಂದು ಕಳಿಸಿದರೆ ಪಟ್ಟಿಯೆಲ್ಲ ಕಾಣಿಸುತ್ತದೆ. ಗೆರೆಯು 50 ಮಿಲಿಮೀಟರ್ ಮಾತ್ರ ಬಂದರೆ ಡ್ರೈವರು ಹೆಜ್ಜೆಯನ್ನು 16ರ ಬದಲು 32 ಪಾಲು ಮಾಡುತ್ತಿದೆ; 200 ಬಂದರೆ 8 ಪಾಲು ಮಾಡುತ್ತಿದೆ. ಕೆತ್ತನೆಯು 25.4 ಪಟ್ಟು ಹಿಗ್ಗಿದರೆ ಅಥವಾ ಕುಗ್ಗಿದರೆ ಅಂಗುಲಕ್ಕೂ ಮಿಲಿಮೀಟರಿಗೂ ಆದ ಗೊಂದಲವದು: ಜಿ-ಕೋಡಿನ ಆರಂಭದಲ್ಲಿ ಜಿ20 ಇದ್ದರೆ ಅಂಗುಲ, ಜಿ21 ಇದ್ದರೆ ಮಿಲಿಮೀಟರ್.

ಮೂರು ಸಲವೂ ಬೇರೆ ಬೇರೆ ಅಳತೆ ಬಂದರೆ ಲೆಕ್ಕವನ್ನು ಮುಟ್ಟಬಾರದು. ಮೋಟಾರು ಹೆಜ್ಜೆ ತಪ್ಪುತ್ತಿದೆಯೆಂದೇ ತಿಳಿಯಬೇಕು. ನಮ್ಮ ಗುಮಾಸ್ತನ ನಾಲ್ಕನೆಯ ಅಕ್ಷರವು ಸರಿದದ್ದು ಬಹುತೇಕ ಇದರಿಂದಲೇ. ಗರಿಷ್ಠ ವೇಗವು $110ರಿಂದ, ವೇಗೋತ್ಕರ್ಷವು $120ರಿಂದ ಮೊದಲಾಗಿ ಬರೆದಿರುತ್ತದೆ. ಎರಡನ್ನೂ ಅರ್ಧಕ್ಕೆ ಇಳಿಸಿ ಮತ್ತೆ ನೋಡಿರಿ. ದೋಷ ಹೋದರೆ ಮೋಟಾರಿಗೆ ಶಕ್ತಿಮೀರಿದ ಅವಸರ ಮಾಡುತ್ತಿದ್ದೆವೆಂದು ಅರ್ಥ. ಆರ್ಡುಯಿನೋ ಬೋರ್ಡಿನ ಗ್ರಬಲ್ ಸೆಕೆಂಡಿಗೆ ಸುಮಾರು 30,000 ಹೆಜ್ಜೆಗಳಿಗಿಂತ ಹೆಚ್ಚು ಹೇಳಲಾರದು. ಮಿಲಿಮೀಟರಿಗೆ 800 ಹೆಜ್ಜೆಯಂತೆ ನಿಮಿಷಕ್ಕೆ 2,250 ಮಿಲಿಮೀಟರೇ ಅದರ ಮೇರೆ, ಮೋಟಾರಿನ ಶಕ್ತಿಯು ಅದಕ್ಕೆ ಮೊದಲೇ ಕುಂದುವುದುಂಟು. ವೇಗ ತಗ್ಗಿಸಿದರೂ ದೋಷ ಉಳಿದರೆ ಮೋಟಾರಿಗೂ ತಿರುಪಿಗೂ ನಡುವಣ ಕೊಂಡಿಯ ಪುಟ್ಟ ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಿರಿ. ಮೊದಲ ಹತ್ತು ನಿಮಿಷ ಸರಿಯಾಗಿದ್ದು ಆಮೇಲೆ ತಪ್ಪುವುದಾದರೆ ಡ್ರೈವರು ಕಾದು ತಾನಾಗಿ ಕೆಲಸ ನಿಲ್ಲಿಸುತ್ತಿರಬಹುದು; ಅದಕ್ಕೆ ಗಾಳಿ ಬೇಕು. ವಿದ್ಯುತ್ತು ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಎಂದೂ ಕೀಳಬಾರದು. ಡ್ರೈವರು ಆ ಕ್ಷಣವೇ ಸುಡಬಹುದು.

ಒಂದೇ ದಿಕ್ಕಿನಲ್ಲಿ ನಡೆದರೆ ಸರಿ, ಹಿಂದಿರುಗುವಾಗ ಮಾತ್ರ ಅಷ್ಟಷ್ಟೇ ಕೊರತೆ ಎಂದಾದರೆ ಅದು ತಿರುಪಿಗೂ ನಟ್ಟಿಗೂ ನಡುವಣ ಸಡಿಲು. ಲಿನಕ್ಸ್‌ಸಿಎನ್‌ಸಿ, ಮ್ಯಾಕ್3 ಎಂಬ ಸಾಫ್ಟ್‌ವೇರುಗಳಲ್ಲಿ ಈ ಕೊರತೆಯನ್ನು ತುಂಬಿಕೊಡುವ ಅವಕಾಶವಿದೆ. ಮೂಲ ಗ್ರಬಲ್‌ನಲ್ಲಿ ಅದಿಲ್ಲ. ನಟ್ಟನ್ನೇ ಬಿಗಿಮಾಡಬೇಕು ಅಥವಾ ಬದಲಿಸಬೇಕು.

ನಡುವೆ ನಿಂತಾಗ

ಕೆಲಸವು ನಡುವೆಯೇ ನಿಂತು ತೆರೆಯ ಮೇಲೆ ಅಂಕಿಯೊಂದು ಮೂಡಿದರೆ ಗಾಬರಿಗೆ ಕಾರಣವಿಲ್ಲ. ಅದು ಯಂತ್ರವು ಕೊಡುವ ಸುಳಿವು. ‘ಅಲಾರಂ 1’ ಎಂದರೆ ಮೇರೆಯ ಸ್ವಿಚ್ಚು ಒತ್ತಲ್ಪಟ್ಟಿದೆ. ಉಳಿಯು ಮೇರೆಯಿಂದ ದೂರವಿದ್ದೂ ಹೀಗೆ ಬಂದರೆ ಉಳಿಯನ್ನು ತಿರುಗಿಸುವ ಮೋಟಾರಿನ ವಿದ್ಯುತ್ ಗದ್ದಲವು ಸ್ವಿಚ್ಚಿನ ತಂತಿಯಲ್ಲಿ ಹೊಕ್ಕಿರಬಹುದು. ಆ ತಂತಿಯನ್ನು ಮೋಟಾರಿನ ತಂತಿಗಳಿಂದ ದೂರವಿಡಬೇಕು, ಜಾಲರಿಯ ಕವಚವುಳ್ಳದ್ದನ್ನು ಹಾಕಬೇಕು. ‘ಅಲಾರಂ 2’ ಎಂದರೆ ಯಂತ್ರದ ಮೇಜನ್ನು ಮೀರಿ ಹೋಗೆಂದು ನಾವು ಹೇಳಿದ್ದೇವೆ. ‘ಎರರ್ 9’ ಎಂದರೆ ಅಲಾರಂ ತೆರವಾಗದೆ ಅಪ್ಪಣೆಯನ್ನು ಸ್ವೀಕರಿಸೆನೆಂಬ ಉತ್ತರ. ‘ಎರರ್ 20’ ಎಂದರೆ ಗ್ರಬಲ್ ಅರಿಯದ ಅಪ್ಪಣೆ. ಉಳಿ ಬದಲಿಸೆನ್ನುವ ಎಂ6 ಎಂಬ ಪದವು ಇದಕ್ಕೆ ಒಳ್ಳೆಯ ಉದಾಹರಣೆ. $X ಎಂದು ಕಳಿಸಿ ಬೀಗವನ್ನು ತೆಗೆಯಬಹುದು ನಿಜ. ಆದರೆ ಅಲಾರಂ 1 ಬಂದ ಮೇಲೆ ಯಂತ್ರದ ಸ್ಥಾನದ ಲೆಕ್ಕವನ್ನು ನಂಬಲಾಗದು. $H ಎಂದು ಕಳಿಸಿ ಉಳಿಯನ್ನು ಮತ್ತೆ ಮೂಲೆಗೆ ಕರೆತಂದೇ ಮುಂದುವರಿಯಬೇಕು. ಅವಸರದಲ್ಲಿ ಬೀಗ ತೆಗೆದು ಕೆಲಸ ಮುಂದುವರಿಸಿದರೆ ಎರಡನೆಯ ಹಲಗೆಯೂ ಹಾಳಾದೀತು.

ಅಂಕಿಯೇನೂ ಮೂಡದೆ ಯಂತ್ರವು ಸುಮ್ಮನೆ ನಿಂತರೆ ಕಂಪ್ಯೂಟರು ನಿದ್ದೆ ಹೋಗಿದೆಯೇ, ಯುಎಸ್‌ಬಿ ತಂತಿ ಸಡಿಲವೇ ಎಂದು ಮೊದಲು ನೋಡಿರಿ. ಅರ್ಥವಿಲ್ಲದ ಅಕ್ಷರಗಳೇ ಬರುತ್ತಿದ್ದರೆ ಸಂಪರ್ಕದ ವೇಗವು ತಪ್ಪಿದೆ; ಗ್ರಬಲ್‌ಗೆ ಅದು 115200. ಹಳೆಯ ಕಂಪ್ಯೂಟರಿನ ಪ್ಯಾರಲಲ್ ಪೋರ್ಟಿನಿಂದ ಲಿನಕ್ಸ್‌ಸಿಎನ್‌ಸಿ ನಡೆಸುವವರ ತೊಂದರೆಯೇ ಬೇರೆ. ಅಲ್ಲಿ ಹೆಜ್ಜೆಗಳನ್ನು ಕಂಪ್ಯೂಟರೇ ಎಣಿಸುವುದರಿಂದ, ಅದು ಬೇರೆ ಕೆಲಸಕ್ಕೆ ತಿರುಗಿ ತಡಮಾಡಿದರೆ ಮೋಟಾರು ಎಡವುತ್ತದೆ. ಈ ತಡವನ್ನು ಅಳೆಯುವ ಪರೀಕ್ಷೆಯೊಂದು ಅದರಲ್ಲಿಯೇ ಇದೆ. 20 ಮೈಕ್ರೊಸೆಕೆಂಡಿಗಿಂತ ಕಡಿಮೆ ಬಂದರೆ ಒಳ್ಳೆಯದು. 100ನ್ನು ಮೀರಿದರೆ ಆ ಕಂಪ್ಯೂಟರನ್ನು ಈ ರೀತಿ ಬಳಸುವ ಆಸೆಯನ್ನು ಬಿಡಬೇಕು.

ನಮ್ಮ ಅಕ್ಷರಗಳ ಪರೀಕ್ಷೆ

ಕನ್ನಡದಲ್ಲಿ ಕೆತ್ತುವವರಿಗೆ ಎರಡು ವಿಶೇಷ ತೊಡಕುಗಳಿವೆ. ನಮ್ಮ ಲಿಪಿಯ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲರಿಯದ ಕೆತ್ತನೆಯ ಸಾಫ್ಟ್‌ವೇರುಗಳು ಇಂದಿಗೂ ಉಂಟು. ‘ಕೃಷ್ಣ’ ಎಂದು ಬರೆದರೆ ಷಕಾರದ ಕೆಳಗೆ ಕೂಡಬೇಕಾದ ಣಕಾರವು ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಇದಕ್ಕೆ ಉಪಾಯವೆಂದರೆ, ಇಂಕ್‌ಸ್ಕೇಪ್‌ನಂಥ ಚಿತ್ರದ ಸಾಫ್ಟ್‌ವೇರಿನಲ್ಲಿ ಹೆಸರನ್ನು ಬರೆದು, ಅಕ್ಷರಗಳನ್ನು ಬರಹವಾಗಿ ಇರಗೊಡದೆ ಗೆರೆಗಳಾಗಿ ಪರಿವರ್ತಿಸಿ, ಆ ಗೆರೆಗಳನ್ನೇ ಮುಂದಕ್ಕೆ ಕಳಿಸುವುದು.

ಎರಡನೆಯದು ಅಕ್ಷರಗಳ ದುಂಡುತನ. ವೃತ್ತವನ್ನು ಬರೆಯುವಾಗ ಪ್ರತಿಯೊಂದು ಮೋಟಾರೂ ಎರಡು ಕಡೆ ದಿಕ್ಕನ್ನು ಬದಲಿಸಬೇಕು. ತಿರುಪು ಸಡಿಲವಾಗಿದ್ದರೆ ಆ ನಾಲ್ಕು ಜಾಗಗಳಲ್ಲಿ ವೃತ್ತವು ಚಪ್ಪಟೆಯಾಗುತ್ತದೆ. ನೇರ ಗೆರೆಗಳ ರೋಮನ್ ಅಕ್ಷರಗಳಲ್ಲಿ ಅಷ್ಟಾಗಿ ಕಾಣಿಸದ ದೋಷವು ನಮ್ಮ ಠಕಾರದಲ್ಲಿ, ರಕಾರದಲ್ಲಿ ಒಡನೆ ಬಯಲಾಗುತ್ತದೆ. ಆದುದರಿಂದ ಹೊಸ ಯಂತ್ರವನ್ನು ಪರೀಕ್ಷಿಸಲು ಕಾಗದದ ಮೇಲೆ ಪೆನ್ನಿನಿಂದ ದೊಡ್ಡದೊಂದು ‘ಠ’ ಬರೆಯಿಸಿ ನೋಡುವುದು ಒಳ್ಳೆಯದು.

ಕ್ರಮವೂ ಎಚ್ಚರವೂ

ದೋಷವನ್ನು ಹುಡುಕುವಾಗ ದಾರಿಯನ್ನು ಎರಡು ಪಾಲು ಮಾಡಿ ನೋಡುವುದು ಲೇಸು. ಜಿ-ಕೋಡಿನ ಚಿತ್ರವನ್ನು ತೆರೆಯ ಮೇಲೆ ನೋಡಿದಾಗ ಅಕ್ಷರ ಸರಿಯಾಗಿದ್ದರೆ ಚಿತ್ರವೂ ಲೆಕ್ಕವೂ ಬಹುಮಟ್ಟಿಗೆ ನಿರ್ದೋಷಿ. ಮುಂದಿನ ಅರ್ಧದಲ್ಲಿ ಹುಡುಕಬೇಕು. ಅಲ್ಲಿಯೇ ಕೆಟ್ಟಿದ್ದರೆ ಮೋಟಾರನ್ನು ಬಿಚ್ಚಿ ಫಲವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲಿದ್ದ ಅಂಕಿ, ಬದಲಿಸಿದ ಅಂಕಿ, ಬಂದ ಫಲ, ಈ ಮೂರನ್ನೂ ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಂತ್ರವು ಸರಿಯಾಗಿ ನಡೆಯುತ್ತಿರುವಾಗಲೇ $$ ಪಟ್ಟಿಯನ್ನು ನಕಲು ಮಾಡಿಟ್ಟುಕೊಂಡವನಿಗೆ ಬೋರ್ಡು ಕೆಟ್ಟ ದಿನ ಅರ್ಧ ಗಂಟೆಯ ಕೆಲಸ. ಇಲ್ಲದವನಿಗೆ ವಾರದ ರಾತ್ರಿಗಳೆಲ್ಲ ಹೋದಾವು.

ಕೊನೆಯದಾಗಿ ಸುರಕ್ಷೆಯ ಮಾತು. ತೆರೆಯ ಮೇಲಿನ ‘ನಿಲ್ಲಿಸು’ ಎಂಬ ಗುಂಡಿಯನ್ನೇ ನಂಬಬಾರದು. ಸಾಫ್ಟ್‌ವೇರು ಕೆಟ್ಟಾಗ ಆ ಗುಂಡಿಯೂ ಕೆಟ್ಟಿರುತ್ತದೆ. ಚಲನೆಯನ್ನು ತಾತ್ಕಾಲಿಕವಾಗಿ ತಡೆದಾಗಲೂ ಉಳಿಯು ತಿರುಗುತ್ತಲೇ ಇರಬಹುದು. ಯಂತ್ರದ ವಿದ್ಯುತ್ತನ್ನು ಪೂರ್ತಿಯಾಗಿ ಕಡಿಯುವ ಸ್ವಿಚ್ಚು ಕೈಗೆಟುಕುವಲ್ಲಿ ಬೇರೆಯಾಗಿಯೇ ಇರಬೇಕು. ಕಣ್ಣಿಗೆ ಕನ್ನಡಕವಿರಲಿ; ತಿರುಗುವ ಉಳಿಯ ಬಳಿ ಕೈಗವಸು, ಸಡಿಲ ತೋಳಿನ ಅಂಗಿ ಬೇಡ. ಕೆಲಸ ನಡೆಯುತ್ತಿರುವಾಗ ಯಂತ್ರವನ್ನು ಬಿಟ್ಟು ಮಲಗಲು ಹೋಗಬಾರದು. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ಬಿಡಾರಗಳಲ್ಲಿ ಈ ಮಾತಿಗೆ ಇಮ್ಮಡಿ ಬೆಲೆಯಿದೆ. ಒಳ್ಳೆಯ ಹಲಗೆಯನ್ನು ಯಂತ್ರಕ್ಕೆ ಕಟ್ಟುವ ಮೊದಲು ಕಾಗದದ ಮೇಲೊಮ್ಮೆ, ರದ್ದಿ ಹಲಗೆಯ ಮೇಲೊಮ್ಮೆ ನಡೆಯಿಸಿ ಅಳೆದು ನೋಡಿದ ಬಳಿಕವೇ ಗಿರಾಕಿಗೆ ತಾರೀಖನ್ನು ಹೇಳಬೇಕೆಂಬುದು ನಮ್ಮ ಸಲಹೆ.